ಸುಣ್ಣದ ಗುಳಿಗೆ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನನ್ನ ಕೆಲಸ ಜನರ ಮೈಮೇಲಿನ ಮಚ್ಚೆಗಳನ್ನು ನೋಡುವುದಾಗಿತ್ತು. ರಾಯಚೂರಿನಲ್ಲಿ ತರಬೇತಿ ಮುಗಿಸಿ, ಕುಷ್ಠರೋಗ ಪತ್ತೆ ಮಾಡುವ ಕಾರ್ಯಕರ್ತನಾಗಿ ದೇವದುರ್ಗಕ್ಕೆ ಹೋದಾಗ ನನಗೆ ಇಪ್ಪತ್ತಮೂರು ವರ್ಷ. ಒಂದು ಸೈಕಲ್, ಒಂದು ಚೀಲ, ಚೀಲದಲ್ಲಿ ಹತ್ತಿ, ಗುಂಡುಸೂಜಿ ಮತ್ತು ಬರೆದುಕೊಳ್ಳಲು ಹಾಳೆಗಳು. ಮಚ್ಚೆಯಿದ್ದವರನ್ನು ನೆರಳಿನಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮಚ್ಚೆಯನ್ನು ಮುಟ್ಟುತ್ತಿದ್ದೆ. ಎಲ್ಲಿ ಮುಟ್ಟಿದೆನೆಂದು ಅವರು ಬೆರಳಿಟ್ಟು ತೋರಿಸಬೇಕು. ತೋರಿಸಿದರೆ ಇಬ್ಬರಿಗೂ ಸಮಾಧಾನ. ಕಣ್ಣು ಮುಚ್ಚಿಕೊಂಡೇ ‘ಇನ್ನಾ ಮುಟ್ಟೇ ಇಲ್ಲಲ್ರಿ’ ಎಂದರೆ ನಾನು ಹಾಳೆ ತೆಗೆದು ಹೆಸರು ಬರೆದುಕೊಳ್ಳುತ್ತಿದ್ದೆ. ಊರಲ್ಲಿ ಅದನ್ನು ದೊಡ್ಡ ಜಡ್ಡು ಎನ್ನುತ್ತಿದ್ದರು. ಅದರ ನಿಜವಾದ ಹೆಸರನ್ನು ಯಾರೂ ಬಾಯಿಗೆ ತರುತ್ತಿರಲಿಲ್ಲ.

ಆಗ ಆ ರೋಗಕ್ಕೆ ನಮ್ಮ ಬಳಿ ಇದ್ದದ್ದು ಒಂದೇ ಗುಳಿಗೆ. ಚಿಕ್ಕದು, ಬಿಳಿಯದು. ದಿನಕ್ಕೊಂದರಂತೆ ವರ್ಷಗಟ್ಟಲೆ ನುಂಗಬೇಕು. ಬಿಡದೆ ನುಂಗಿದರೆ ರೋಗ ಬೆಳೆಯುವುದು ನಿಲ್ಲುತ್ತದೆ, ಬೇರೆಯವರಿಗೆ ಅಂಟುವುದೂ ನಿಲ್ಲುತ್ತದೆ. ಬಿಟ್ಟರೆ ಒಳಗೊಳಗೇ ನರ ಸಾಯುತ್ತಾ ಹೋಗಿ ಬೆರಳುಗಳು ಮಡಚಿಕೊಳ್ಳುತ್ತವೆ, ಅಂಗಾಲಿಗೆ ಮೊಳೆ ಹೊಕ್ಕರೂ ಗೊತ್ತಾಗುವುದಿಲ್ಲ. ಗುಳಿಗೆ ಹಂಚುವುದೂ ನನ್ನದೇ ಹೊಣೆ. ಆದರೆ ನಾನು ತಿರುಗುವವನು. ಅರಕೇರಾದಲ್ಲಿದ್ದ ದಿನ ಮಸರಕಲ್‌ನಲ್ಲಿ ಇರುವುದಿಲ್ಲ. ಅದಕ್ಕೊಂದು ವ್ಯವಸ್ಥೆ ಆಗಿತ್ತು. ದೇವದುರ್ಗದಲ್ಲಿ ವ್ಯಾಪಾರಸ್ಥರ ಮನೆತನವೊಂದು ನಡೆಸುತ್ತಿದ್ದ ಧರ್ಮದ ದವಾಖಾನೆಯೊಂದಿತ್ತು. ಗುಳಿಗೆಯ ಡಬ್ಬಿಗಳನ್ನು ನಾನು ಅಲ್ಲಿಗೆ ಒಯ್ದು ಕೊಡುವುದು, ರೋಗಿಗಳು ಸಂತೆಗೆ ಬಂದಾಗ ಅಲ್ಲಿನ ಕಂಪೌಂಡರ್ ಕೈಯಿಂದ ತಿಂಗಳ ಪೊಟ್ಟಣ ಪಡೆಯುವುದು.

ಆ ಕಂಪೌಂಡರ್‌ಗೆ ಐವತ್ತರ ಹತ್ತಿರದ ವಯಸ್ಸು. ಬಿಳಿ ಅಂಗಿ, ಬಿಳಿ ಧೋತರ, ತಲೆಗೆ ಬಿಳಿ ಟೊಪ್ಪಿಗೆ. ಆತ ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು, ಉಳಿದ ದಿನ ದವಾಖಾನೆಯೆಂದರೆ ಆತನೇ. ಬೇರೆ ಊರುಗಳಲ್ಲಿ ಈ ರೋಗಿಗಳಿಗೆ ಪೊಟ್ಟಣವನ್ನು ಕಿಟಕಿಯಿಂದ ಎಸೆಯುವುದನ್ನು ನೋಡಿದ್ದೆ. ಈತ ಅವರನ್ನು ಬೆಂಚಿನ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟು, ಹೆಸರು ಹಿಡಿದು ಮಾತಾಡಿಸಿ, ಕೈಗೆ ಕೈ ತಾಗುವಂತೆ ಪೊಟ್ಟಣ ಕೊಡುತ್ತಿದ್ದ. ಮೊದಲ ಸಲ ಕಂಡಾಗ ಅಲ್ಲೇ ನಿಂತು ನೋಡುತ್ತಲೇ ಇದ್ದೆ. ರಾಯಚೂರಿನಲ್ಲಿ ನನ್ನ ಸ್ವಂತ ಅವ್ವ, ನಾನು ಮನೆಗೆ ಹೋದಾಗಲೆಲ್ಲ ಹಿತ್ತಲಲ್ಲೇ ಸ್ನಾನ ಮಾಡಿಸಿ ಒಳಗೆ ಬಿಡುತ್ತಿದ್ದಳು. ನನ್ನ ತಾಟು, ಲೋಟ ಬೇರೆ ಇಟ್ಟಿದ್ದಳು. ಈ ಮನುಷ್ಯನೋ ಹುಣ್ಣಾದ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ‘ಮಳಿ ಆತೇನು ನಿಮ್ಮೂರಾಗ?’ ಎಂದು ಕೇಳುತ್ತಿದ್ದ. ಇಂಥವರು ಒಬ್ಬರು ಸಿಕ್ಕರಲ್ಲ ಎಂದುಕೊಂಡೆ.

ಆತನ ಮನೆ ದವಾಖಾನೆಯ ಹಿಂದೆಯೇ ಇತ್ತು, ಎರಡು ಕೋಣೆ. ಹೆಂಡತಿ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಆಕೆ ಹೆಚ್ಚು ಮಾತಿನವಳಲ್ಲ. ಖಾನಾವಳಿಯಲ್ಲಿ ಉಣ್ಣುವ ನನ್ನನ್ನು ಆಗಾಗ ಊಟಕ್ಕೆ ಕರೆಯುತ್ತಿದ್ದರು. ಒಂದು ಮಧ್ಯಾಹ್ನ ಉಣ್ಣಲು ಕೂತಾಗ ದೇವರ ಗೂಡಿನಲ್ಲಿ ಉದ್ದನೆಯ ನೋಟ್‌ಬುಕ್ ಕಂಡಿತು. ಪಂಚಾಂಗವೇನೋ ಎಂದು ಕೇಳಿದೆ. ಅಲ್ಲ, ರೋಗಿಗಳ ಹೆಸರು. ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ಅಷ್ಟೂ ಹೆಸರನ್ನು ಒಂದೊಂದಾಗಿ ಓದಿ ದೇವರ ಮುಂದೆ ಕೈ ಮುಗಿಯುತ್ತಾನಂತೆ. ನಾನು ತೆರೆದು ನೋಡಿದೆ. ನಾನೇ ಪತ್ತೆ ಮಾಡಿದವರ ಹೆಸರುಗಳು ಮುತ್ತಿನಂಥ ಅಕ್ಷರದಲ್ಲಿದ್ದವು. ಕೆಲವು ಹೆಸರುಗಳ ಮುಂದೆ ಅವರ ಮಕ್ಕಳ ಹೆಸರೂ ಇತ್ತು.

ಅವತ್ತೇ ಆತ ತನ್ನ ಮನಸ್ಸಿನೊಳಗಿದ್ದದ್ದನ್ನು ನನಗೆ ಹೇಳಿದ.

‘ತಮ್ಮಾ, ಈ ಜಡ್ಡು ಯಾಕ ಬರ್ತದ ಅಂತ ನಿನಗ ಕಲಿಸ್ಯಾರೇನು?’

‘ಕ್ರಿಮಿಯಿಂದ ಬರ್ತದ್ರಿ.’

‘ಕ್ರಿಮಿ ಅದ, ಇಲ್ಲ ಅನ್ನಂಗಿಲ್ಲ. ಆ ಕ್ರಿಮಿ ಇವನ ಮೈಯಾಗನ ಯಾಕ ಹೊಕ್ತು? ಬಾಜೂಕ ಮಲಗಿದಂವನ ಮೈಯಾಗ ಯಾಕ ಹೊಗಲಿಲ್ಲ?’

ಆತ ರೊಟ್ಟಿ ಮುರಿಯುತ್ತಾ ನಿಧಾನವಾಗಿ ತನ್ನ ಕಥೆ ಹೇಳಿದ. ಆತನ ಅಪ್ಪನಿಗೆ ಈ ರೋಗವಿತ್ತು. ನಿಜಾಮರ ಕಾಲದಲ್ಲಿ ಯಾವುದೋ ಎಣ್ಣೆಯ ಸೂಜಿ ಚುಚ್ಚಿಸಿಕೊಂಡು ಪೂರ್ತಿ ಗುಣವಾಯಿತು. ಮೈಮೇಲೆ ಕಲೆಯೂ ಉಳಿಯಲಿಲ್ಲ. ಆಮೇಲೆ ಈತನಿಗೆ ಹುಟ್ಟಿದ ಒಬ್ಬಳೇ ಮಗಳು ನಾಲ್ಕು ವರ್ಷಕ್ಕೆ ತೀರಿಕೊಂಡಳು.

‘ನಮ್ಮಪ್ಪ ಉಣಬೇಕಾದ್ದು ಉಳದಿತ್ತು. ಅದನ್ನ ನನ್ನ ಮಗಳು ಉಂಡು ಹೋದ್ಲು’ ಎಂದ. ‘ಜಡ್ಡು ಅಳಸಬಹುದು ತಮ್ಮಾ. ಕರ್ಮ ಅಳಸಾಕ ಬರಂಗಿಲ್ಲ. ಇವರ ಮೈಯಿಂದ ಕಿತ್ತಿದ್ರ ಇವರ ಮಕ್ಕಳ ಮೈಮ್ಯಾಲ ಹೋಗಿ ಕುಂದರ್ತದ.’

ಆತನ ಹೆಂಡತಿ ಒಲೆಯ ಮುಂದೆ ನಮಗೆ ಬೆನ್ನು ಮಾಡಿ ಕೂತಿದ್ದಳು. ತಿರುಗಿ ನೋಡಲಿಲ್ಲ.

‘ಹಂಗಾದ್ರ ಗುಳಿಗಿ ಕೊಡೋದು ತಪ್ಪೇನ್ರಿ?’ ಎಂದೆ. ತಮಾಷೆಗೆ ಕೇಳಿದಂತೆ ಕೇಳಿದೆ.

ಆತ ಮೆಲ್ಲಗೆ ನಕ್ಕ. ‘ನಿನ್ನ ಕೆಲಸ ನೀ ಮಾಡು. ನನ್ನ ಕೆಲಸ ನಾ ಮಾಡ್ತೀನಿ.’

ಇದು ಒಳ್ಳೆಯ ಉತ್ತರವೆಂದೇ ನನಗನ್ನಿಸಿತು. ಮಗಳನ್ನು ಕಳೆದುಕೊಂಡ ತಂದೆ, ಏನೋ ನಂಬಿಕೊಂಡು ಮನಸ್ಸಿಗೆ ಸಮಾಧಾನ ಮಾಡಿಕೊಂಡಿದ್ದಾನೆ. ಬೀದಿಯಲ್ಲಿ ನಿಂತು ಬೋಧಿಸುವುದಿಲ್ಲ, ಯಾರ ಮೇಲೂ ಹೇರುವುದಿಲ್ಲ. ಆತನ ನಂಬಿಕೆ ಆತನಿಗೆ, ಇದರಿಂದ ಯಾರಿಗೇನು ತ್ರಾಸು ಎಂದುಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಪುಂಡಿಪಲ್ಯ ಬಹಳ ರುಚಿಯಾಗಿತ್ತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ರುಚಿಯಾಗಿತ್ತು ಎಂಬುದು ನಿಜ.

ನಾನು ಪತ್ತೆ ಮಾಡಿದವರಲ್ಲಿ ಒಬ್ಬಾಕೆ ಬಳೆ ಮಾರುವವಳು. ಮುಸಲ್ಮಾನರಾಕೆ, ನಲವತ್ತರ ಆಸುಪಾಸಿನ ವಿಧವೆ. ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಿದ್ದರು, ನಮ್ಮೊಂದಿಗೆ ಕನ್ನಡ. ನಾನು ಅವರನ್ನು ಆಪಾ ಎನ್ನುತ್ತಿದ್ದೆ, ಅಕ್ಕ ಎಂದು. ಅವರಿಗೆ ನಾನು ಭಾಯ್. ಬಳೆಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು ದೇವದುರ್ಗದ ಓಣಿಗಳಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ತಿರುಗುತ್ತಿದ್ದರು. ಬಳೆ ಇಡಿಸುವುದು ಸುಲಭದ ಕೆಲಸವಲ್ಲ. ಎದುರಿನವರ ಅಂಗೈಯನ್ನು ಹಿಂಡಿ ಹಿಂಡಿ ಹೂವಿನಷ್ಟು ಮೆತ್ತಗೆ ಮಾಡಿ, ಗಾಜು ಒಡೆಯದಂತೆ, ಚರ್ಮ ತರಚದಂತೆ ದಾಟಿಸಬೇಕು. ಆಪಾ ಇಡಿಸಿದರೆ ನೋವೇ ಆಗುವುದಿಲ್ಲ ಎಂದು ಹೆಂಗಸರು ಅವರಿಗಾಗಿ ಕಾಯುತ್ತಿದ್ದರಂತೆ.

ಒಂದು ದಿನ ಅವರೇ ನನ್ನನ್ನು ಹುಡುಕಿಕೊಂಡು ಬಂದರು. ಅಂಗೈಗೆ ಬಟ್ಟೆ ಸುತ್ತಿದ್ದರು.

‘ಬಳಿ ಒಡದು ಗಾಜು ಹೊಕ್ತು ಭಾಯ್. ಇಡಸ್ಕೊಳ್ಳಾಕಿ ರಕ್ತ ನೋಡಿ ಚೀರಿದ್ಲು. ನಂಗ ಏನೂ ಗೊತ್ತೇ ಆಗಲಿಲ್ಲ.’

ಕಿವಿಯ ಹಾಲೆಗಳು ದಪ್ಪಗಾಗಿದ್ದವು, ಮುಖದ ಚರ್ಮ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಇನ್ನೊಬ್ಬರಿಗೆ ಅಂಟುವ ಬಗೆಯದು. ನಾನು ಎಲ್ಲ ಹೇಳಿದೆ. ಅವರು ಅಳಲಿಲ್ಲ. ಎರಡೇ ಮಾತು ಕೇಳಿದರು.

‘ನನ್ನ ಕೈ ಉಳೀತಾವೇನು?’

‘ಉಳೀತಾವ, ಗುಳಿಗಿ ತಪ್ಪಸಬ್ಯಾಡ್ರಿ.’

‘ನನ್ನ ಮಗಳಿಗಿ ಬರಂಗಿಲ್ಲಲ್ಲ?’

ಮಗಳಿಗೆ ಆಗ ಹನ್ನೆರಡು ವರ್ಷ. ‘ನೀವು ಗುಳಿಗಿ ನುಂಗಿದ್ರ ಬರಂಗಿಲ್ಲ ಆಪಾ’ ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದೆ. ಮರುದಿನವೇ ಅವರನ್ನು ದವಾಖಾನೆಗೆ ಕರೆದುಕೊಂಡು ಹೋಗಿ ಕಂಪೌಂಡರ್‌ಗೆ ಒಪ್ಪಿಸಿದೆ. ಆತ ಎದ್ದು ನಿಂತು ‘ಬರ್ರಿ, ಕೂಡ್ರಿ’ ಎಂದ. ಮನೆಯಲ್ಲಿ ಯಾರ್ಯಾರು ಇದ್ದಾರೆಂದು ಕೇಳಿದ. ‘ಒಬ್ಬಾಕಿ ಮಗಳದಾಳ್ರಿ’ ಎಂದರು ಆಪಾ. ಆತ ತಲೆಯಾಡಿಸಿ ಪೊಟ್ಟಣ ಕಟ್ಟಿಕೊಟ್ಟ.

ಐದು ವರ್ಷ ಆಪಾ ಒಂದೇ ಒಂದು ತಿಂಗಳ ಪೊಟ್ಟಣವನ್ನೂ ತಪ್ಪಿಸಲಿಲ್ಲ. ಆದರೂ ಕೈ ಕೆಡುತ್ತಾ ಹೋಯಿತು. ಮೂರನೆಯ ವರ್ಷ ಬಲಗೈಯ ಕಿರುಬೆರಳು ಮಡಚಿಕೊಂಡಿತು, ಆಮೇಲೆ ಅದರ ಪಕ್ಕದ್ದು. ಹಿಂಡುವ ಶಕ್ತಿ ಹೋಯಿತು. ಬಳೆಗಳು ಕೈಯಲ್ಲೇ ಒಡೆಯತೊಡಗಿದವು. ಒಂದು ಮನೆಯವರು ಮಡಚಿದ ಬೆರಳು ನೋಡಿ ಬಾಗಿಲು ಹಾಕಿಕೊಂಡರು, ನಂತರ ಇನ್ನೊಂದು ಮನೆಯವರು. ನಾನು ಏನು ಮಾಡಿದೆ? ಅವರನ್ನು ಬೈದೆ.

‘ಸುಳ್ಳ ಯಾಕ ಹೇಳ್ತೀರಿ ಆಪಾ? ನೀವು ಗುಳಿಗಿ ನುಂಗಾಕತ್ತಿಲ್ಲ.’

‘ಅಲ್ಲಾನ ಆಣಿ ಭಾಯ್, ಒಂದು ದಿನ ತಪ್ಪಿಸಿಲ್ಲ. ರೋಜಾ ಇದ್ದಾಗನೂ ಸೂರ್ಯ ಮುಳುಗೂತನಾ ಕಾದು ನುಂಗೀನಿ.’

ನಾನು ನಂಬಲಿಲ್ಲ. ಹಾಳೆಯಲ್ಲಿ ‘ಗುಳಿಗೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ’ ಎಂದು ಬರೆದೆ. ಅದೇ ಮಾತನ್ನು ಅರಕೇರಾದ ಒಬ್ಬ ಕೂಲಿಯವನ ಹಾಳೆಯಲ್ಲೂ ಬರೆದಿದ್ದೆ. ಅವನ ಅಂಗಾಲಿನ ಹುಣ್ಣು ಎಲುಬಿನವರೆಗೆ ಹೋಗಿತ್ತು. ಅವನು ನಾಲ್ಕು ಮಕ್ಕಳ ತಂದೆ. ಅವನಿಗೂ ಎಲ್ಲರೆದುರು ಬೈದಿದ್ದೆ.

ಆಪಾರ ಮಗಳಿಗೆ ಹದಿನೇಳಾದಾಗ ಮಾನ್ವಿಯ ಕಡೆ ಸಂಬಂಧ ಕೂಡಿಬಂತು. ಅದೇ ವರ್ಷ, ಮನೆಯವರನ್ನೆಲ್ಲ ಪರೀಕ್ಷೆ ಮಾಡುವ ಕ್ರಮದಂತೆ ನಾನು ಅವರ ಮನೆಗೆ ಹೋದೆ. ಹುಡುಗಿ ನಾಚಿಕೊಳ್ಳುತ್ತಲೇ ತೋಳು ತೋರಿಸಿದಳು. ಮೊಣಕೈಯ ಮೇಲೆ, ಹಿಂಭಾಗದಲ್ಲಿ, ತಾಮ್ರದ ಬಣ್ಣದ ಒಂದು ಮಚ್ಚೆ. ಕಣ್ಣು ಮುಚ್ಚಿಸಿ ಹತ್ತಿಯಿಂದ ಮುಟ್ಟಿದೆ. ಮತ್ತೆ ಮುಟ್ಟಿದೆ.

‘ಹೂಂ, ಮುಟ್ರಿ’ ಎಂದಳು ಹುಡುಗಿ.

ಆಪಾ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಆ ಪರೀಕ್ಷೆ ಗೊತ್ತಿತ್ತು. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತರು.

ತಾಯಿ, ಮಗಳು ಇಬ್ಬರನ್ನೂ ರಾಯಚೂರಿಗೆ ಕರೆದುಕೊಂಡು ಹೋದೆ. ನಮ್ಮ ಡಾಕ್ಟರು ಆಪಾರ ಕಿವಿಯ ಹಾಲೆಯಿಂದ ರಸ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬಹಳ ಹೊತ್ತು ನೋಡಿ ನನ್ನನ್ನು ಹತ್ತಿರ ಕರೆದರು.

‘ಐದು ವರ್ಷ ಗುಳಿಗಿ ನುಂಗಿದಾಕಿ ಅಂತೀಯಲ್ಲ. ಇದರಾಗ ಕ್ರಿಮಿ ತುಂಬಿ ತುಳುಕಾಕತ್ತಾವ. ಒಂದು ಗುಳಿಗಿನೂ ಈಕಿ ಹೊಟ್ಟಿಗೆ ಹೋಗಿಲ್ಲ.’

ಸಿಟ್ಟು ನೆತ್ತಿಗೇರಿತು. ದೇವದುರ್ಗಕ್ಕೆ ವಾಪಸ್ ಬಂದವನೇ ಅವರ ಮನೆಗೆ ಹೋಗಿ, ಪೊಟ್ಟಣ ಎಲ್ಲಿದೆ ತೋರಿಸಿರಿ ಎಂದೆ. ಆಪಾ ಗೋಡೆಯ ಗೂಡಿನಿಂದ ತಗಡಿನ ಡಬ್ಬಿ ತೆಗೆದು ಕೊಟ್ಟರು. ಎಣಿಸಿದೆ. ತಿಂಗಳು ಮುಗಿಯಲು ಎಷ್ಟು ದಿನ ಉಳಿದಿತ್ತೋ ಅಷ್ಟೇ ಗುಳಿಗೆ. ಐದು ವರ್ಷದಲ್ಲಿ ಮೊದಲ ಸಲ ನಾನು ಆ ಪೊಟ್ಟಣವನ್ನು ಬಿಚ್ಚಿ ನೋಡುತ್ತಿದ್ದೆ. ಗುಳಿಗೆ ಬಿಳಿಯದೇ. ಆದರೆ ನಮ್ಮದಕ್ಕಿಂತ ಕೊಂಚ ದೊಡ್ಡದು. ಬೆರಳಿಂದ ಉಜ್ಜಿದರೆ ಪುಡಿ ಅಂಟಿತು. ನಾಲಿಗೆಯ ಮೇಲಿಟ್ಟೆ. ಬಳಪದ ರುಚಿ. ದವಾಖಾನೆಯಲ್ಲಿ ಬಸುರಿಯರಿಗೆ ಕೊಡುವ ಸುಣ್ಣದ ಅಂಶದ ಗುಳಿಗೆ ಅದು.

‘ಯಾಕ್ ಭಾಯ್? ಮತ್ತ ನಂದೇ ತಪ್ಪೇನು?’ ಎಂದರು ಆಪಾ.

ನಾನು ಡಬ್ಬಿ ಹಿಡಿದುಕೊಂಡು ಹೊರಬಿದ್ದೆ.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಒಂದೇ, ಆತ ನಮ್ಮ ಗುಳಿಗೆಗಳನ್ನು ಮಾರಿಕೊಳ್ಳುತ್ತಿದ್ದಾನೆ. ಕಳ್ಳ. ಅದು ಅರ್ಥವಾಗುವ ಮಾತು. ದವಾಖಾನೆಯಲ್ಲಿ ಆತ ಒಬ್ಬನೇ ಇದ್ದ, ಸೀಸೆಗಳನ್ನು ಒರೆಸುತ್ತಿದ್ದ. ಮೇಜಿನ ಮೇಲೆ ಗುಳಿಗೆಗಳನ್ನು ಸುರಿದೆ.

‘ಇವೇನ್ರಿ?’

ಆತ ಗಾಬರಿಯಾಗಲಿಲ್ಲ. ಬಟ್ಟೆ ಮಡಚಿಟ್ಟ.

‘ಸುಣ್ಣದ ಗುಳಿಗಿ. ಎಲುಬಿಗೆ ಗಟ್ಟಿ. ಕೆಡಕಲ್ಲ.’

‘ನಾ ಕೊಟ್ಟ ಗುಳಿಗಿ ಏನಾದ್ವು?’

‘ಅಮಾಸಿಗೊಮ್ಮೆ ದೇವಸುಗೂರಿಗೆ ಹೋಗ್ತೀನಲ್ಲ, ಹೊಳಿಗೆ ಬಿಡ್ತೀನಿ’ ಎಂದ. ಮತ್ತೆ ನನ್ನ ಮುಖ ನೋಡಿ ಹೇಳಿದ, ‘ಮಾರಿಲ್ಲ ತಮ್ಮಾ. ಒಂದನ್ನೂ ಮಾರಿಲ್ಲ. ಈ ಸುಣ್ಣದ ಗುಳಿಗಿ ನನ್ನ ಕೈಯಿಂದ ರೊಕ್ಕ ಹಾಕಿ ತಂದೀನಿ.’

ಕಳ್ಳನಾಗಿದ್ದರೆ ಆ ಕ್ಷಣ ನನಗೆ ಎಷ್ಟೋ ಸುಲಭವಾಗುತ್ತಿತ್ತು.

‘ಎಲ್ಲಾರಿಗೂ ಇವನ್ನೇ ಕೊಟ್ಟೀರೇನು?’

‘ಇಲ್ಲ ಇಲ್ಲ. ಮಕ್ಕಳಿದ್ದವರಿಗಷ್ಟ. ಮಕ್ಕಳಿಲ್ಲದವರಿಗೆ ನಿನ್ನ ಗುಳಿಗಿನ ಕೊಟ್ಟೀನಿ. ಅವರು ಗುಣಾದ್ರ ಯಾರಿಗೂ ಏನೂ ಆಗಂಗಿಲ್ಲಲ್ಲ.’

ಅದನ್ನು ಆತ ಎಷ್ಟು ಸಹಜವಾಗಿ ಹೇಳಿದನೆಂದರೆ, ಜ್ವರದವರಿಗೆ ಇದು, ಕೆಮ್ಮಿನವರಿಗೆ ಇದು ಎಂದು ವಿಂಗಡಿಸಿದಂತೆ. ನೋಟ್‌ಬುಕ್ಕಿನಲ್ಲಿ ಮಕ್ಕಳ ಹೆಸರನ್ನು ಯಾಕೆ ಬರೆದುಕೊಂಡಿದ್ದನೆಂದು ನನಗೆ ಆಗ ತಿಳಿಯಿತು.

‘ಆ ಬಳಿಗಾರ ಆಪಾನ ಮಗಳಿಗೆ ಬಂದದ’ ಎಂದೆ.

ಆತನ ಮುಖ ಬಿಳಿಚಿಕೊಂಡಿತು. ಸ್ಟೂಲಿನ ಮೇಲೆ ಕೂತ. ಈಗಲಾದರೂ ಅರ್ಥವಾಯಿತು ಎಂದುಕೊಂಡೆ. ಆತ ತಲೆಯೆತ್ತಿ ನೋವಿನಿಂದ ಹೇಳಿದ,

‘ಹಂಗಾದ್ರ ಆಕಿ ಎಲ್ಲೋ ಬ್ಯಾರೆ ಕಡೆಯಿಂದ ಖರೇ ಗುಳಿಗಿ ತಂದು ನುಂಗ್ಯಾಳ.’

ನನ್ನ ಕೆಲಸದಲ್ಲಿ ನಾನು ಹುಳು ಬಿದ್ದ ಹುಣ್ಣುಗಳನ್ನು ತೊಳೆದಿದ್ದೇನೆ. ಇಲಿ ಕಚ್ಚಿ ತಿಂದ ಬೆರಳುಗಳಿಗೆ, ತಾನು ಮಲಗಿದ್ದಾಗ ಇಲಿ ಕಚ್ಚಿದ್ದು ಗೊತ್ತೇ ಆಗದವನ ಬೆರಳುಗಳಿಗೆ, ಪಟ್ಟಿ ಕಟ್ಟಿದ್ದೇನೆ. ಆ ವಾಸನೆಯಲ್ಲೇ ಕೂತು ಬುತ್ತಿ ಉಂಡಿದ್ದೇನೆ. ಎಂದೂ ಹೊಟ್ಟೆ ತೊಳಸಿರಲಿಲ್ಲ. ಅವತ್ತು ಆ ಸ್ವಚ್ಛವಾದ ದವಾಖಾನೆಯಲ್ಲಿ, ಸಾಬೂನು ಮತ್ತು ಕರ್ಪೂರದ ವಾಸನೆಯಿದ್ದ ಆ ಮನುಷ್ಯನ ಎದುರು, ನನಗೆ ವಾಂತಿ ಬಂತು. ಹೊರಗೆ ಓಡಿ ಚರಂಡಿಯ ಪಕ್ಕ ಕಕ್ಕಿದೆ. ಆತ ಹಿಂದೆಯೇ ಬಂದು ನನ್ನ ಬೆನ್ನು ಸವರಿದ. ‘ಬಿಸಲಾಗ ಸೈಕಲ್ ತುಳೀತೀ, ಪಿತ್ತ ಆಗೇದ’ ಎಂದ. ಆ ಕೈಯನ್ನು ಕಿತ್ತೆಸೆಯಬೇಕೆನಿಸಿತು. ಎಸೆಯಲಿಲ್ಲ, ಸರಿದು ನಿಂತೆ.

ಹದಿನಾಲ್ಕು ಮಂದಿ. ನೋಟ್‌ಬುಕ್ ಕೇಳಿದರೆ ಆತ ತಾನೇ ತಂದುಕೊಟ್ಟ, ನಾನು ಪಟ್ಟಿ ಮಾಡಿಕೊಂಡೆ. ಹದಿನಾಲ್ಕು ತಾಯಿ ತಂದೆಯರು ವರ್ಷಗಟ್ಟಲೆ, ಸಂತೆಯ ದಿನ ಕೂಲಿ ಬಿಟ್ಟು ನಡೆದು ಬಂದು, ಬಳಪ ಒಯ್ದು ನುಂಗಿದ್ದರು.

ದವಾಖಾನೆ ನಡೆಸುವ ಮನೆತನದ ಹಿರಿಯರ ಬಳಿ ಹೋದೆ. ಅವರು ಎಲ್ಲ ಕೇಳಿಸಿಕೊಂಡರು. ಕಂಪೌಂಡರ್ ಗುಳಿಗೆ ಮಾರಿಕೊಂಡಿದ್ದಾನೆಯೇ ಎಂದು ಎರಡು ಸಲ ಕೇಳಿದರು. ಇಲ್ಲವೆಂದ ಮೇಲೆ ಅವರ ಮುಖ ಸಡಿಲಾಯಿತು.

‘ಒಂದು ಪೈಸಾ ಮುಟ್ಟಿಲ್ಲ ಅಂತ ನೀನ ಹೇಳಾಕತ್ತೀ. ದೇವರಂಥ ಮನುಷ್ಯಾ ಅಂವ. ಮನಸಿನ್ಯಾಗ ಏನೋ ಒಂದು ನಂಬಿಕಿ ಇಟ್ಕೊಂಡಾನ. ಅದಕ್ಕ ಪೊಲೀಸ್ರನ್ನ ಕರಸ್ತಾರೇನು?’

ನಂಬಿಕೆಗೆ ಅಲ್ಲ, ಮಾಡಿದ್ದಕ್ಕೆ ಎಂದೆ. ಅವರು ಎದ್ದು ಒಳಗೆ ಹೋದರು. ರಾಯಚೂರಿನಲ್ಲಿ ನಮ್ಮ ಮೇಲಿನವರು ಇನ್ನೂ ಚೊಕ್ಕಟವಾಗಿ ಮುಗಿಸಿದರು. ಇದು ಹೊರಗೆ ಬಂದರೆ ಯಾರೂ ಗುಳಿಗೆ ನುಂಗುವುದಿಲ್ಲ, ಕೆಲಸವೇ ನಿಂತುಹೋಗುತ್ತದೆ, ಹದಿನಾಲ್ಕು ಮಂದಿಗೂ ಹೊಸದಾಗಿ ಶುರು ಮಾಡು ಎಂದರು. ನಾನು ಬರೆದುಕೊಟ್ಟ ದೂರು ಯಾವ ಫೈಲಿನಲ್ಲಿ ಮಲಗಿತೋ ಗೊತ್ತಿಲ್ಲ. ಆಪಾರನ್ನು ಪರೀಕ್ಷಿಸಿದ್ದ ನಮ್ಮ ಡಾಕ್ಟರು ಒಬ್ಬರೇ ನನ್ನ ಜೊತೆ ಸಹಿ ಹಾಕಿದ್ದರು. ಎರಡು ತಿಂಗಳ ನಂತರ ಕಂಪೌಂಡರ್ ಕೆಲಸ ಬಿಟ್ಟು ಮಾನ್ವಿಯಲ್ಲಿದ್ದ ತನ್ನ ಅಣ್ಣನ ಮನೆಗೆ ಹೋದ. ಹೋಗುವಾಗ ದವಾಖಾನೆಯ ಮನೆತನದವರು ಶಾಲು ಹೊದಿಸಿ, ಹಾರ ಹಾಕಿ ಕಳಿಸಿದರು. ಊರಿನ ಎಷ್ಟೋ ಜನ ಬಂದಿದ್ದರು. ಕೆಲವರು ಕಾಲಿಗೆ ಬಿದ್ದರು.

ಮೇಲಿನವರು ಹೇಳಬೇಡ ಎಂದಿದ್ದರೂ ನಾನು ಹದಿನಾಲ್ಕು ಮನೆಗಳಿಗೂ ಹೋಗಿ ಹೇಳಿದೆ. ಅರಕೇರಾದವನ ಕಾಲು ಅಷ್ಟರಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿಯಾಗಿತ್ತು. ಅವನು ನನ್ನ ಮಾತು ನಂಬಲಿಲ್ಲ. ‘ನೀನ ಬೈತಿದ್ದಿ, ಅವರು ಎಂದೂ ಬೈದಿಲ್ಲ’ ಎಂದ.

ಆಪಾ ನಂಬಿದರು. ಆತ ಯಾಕೆ ಹಾಗೆ ಮಾಡಿದನೆಂದು ಕೇಳಿದರು. ಕರ್ಮದ ಲೆಕ್ಕ, ಮಗಳ ಸಾವು, ಬೆಳಗಿನ ಪೂಜೆ, ಎಲ್ಲ ಹೇಳಿದೆ. ಅವರು ಮಡಚಿದ ಬೆರಳುಗಳನ್ನು ಇನ್ನೊಂದು ಕೈಯಿಂದ ಬಿಡಿಸುತ್ತಾ ಕೇಳಿಸಿಕೊಂಡರು.

‘ದಿನಾ ನನ್ನ ಹೆಸರ ತಗೊಂಡು ಕೈ ಮುಗೀತಿದ್ನೇನು?’

‘ಹೌದು ಆಪಾ.’

‘ನಾನೂ ಅವನ ಸಲುವಾಗಿ ದುವಾ ಮಾಡೀನಿ ಭಾಯ್. ಐದು ವರ್ಷ. ನಮಾಜ್ ಆದ ಮ್ಯಾಲ, ಯಾ ಅಲ್ಲಾ, ಆ ಕಂಪೌಂಡರಗ ಮಕ್ಕಳಿಲ್ಲ, ಅವನ ಕೈ ಬಿಡಬ್ಯಾಡ ಅಂತ.’ ಆಮೇಲೆ ನನ್ನನ್ನು ನೋಡಿದರು. ‘ನಿಮಗ ಗೊತ್ತಿತ್ತೇನು?’

ಸುಳ್ಳು ಹೇಳಬಹುದಿತ್ತು.

‘ಹಿಂಗ ನಂಬ್ತಾನ ಅನ್ನೋದು ಗೊತ್ತಿತ್ತು. ಹಿಂಗ ಮಾಡ್ತಾನ ಅನ್ನೋದು ಗೊತ್ತಿರಲಿಲ್ಲ.’

‘ಅಷ್ಟು ಗಟ್ಟಿ ನಂಬಿದಂವ ಮಾಡ್ದ ಬಿಡ್ತಾನೇನು ಭಾಯ್?’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳನ್ನು ಕರೆದು ನನಗೆ ಚಹಾ ಮಾಡಲು ಹೇಳಿದರು. ಆ ಒಂದು ಪ್ರಶ್ನೆಯನ್ನು ಆ ಮಧ್ಯಾಹ್ನ ಪುಂಡಿಪಲ್ಯ ಉಣ್ಣುತ್ತಾ ನಾನು ಕೇಳಿಕೊಂಡಿದ್ದರೆ, ಒಂದೇ ಒಂದು ಪೊಟ್ಟಣ ಬಿಚ್ಚಿ ನೋಡಿದ್ದರೆ ಸಾಕಾಗಿತ್ತು. ನನಗೆ ಆತನ ಬಗ್ಗೆ ಬಂದ ಅಸಹ್ಯದಲ್ಲಿ ಒಂದು ಪಾಲು ನನಗೇ ಸಲ್ಲಬೇಕಾದದ್ದು ಎಂದು ಗೊತ್ತಾದದ್ದು ಅಲ್ಲಿ, ಅವರ ಮನೆಯ ಚಾಪೆಯ ಮೇಲೆ.

ಮಾನ್ವಿಯ ಸಂಬಂಧ ಮುರಿದುಬಿತ್ತು. ಎರಡು ಸಾಲಿನ ಪತ್ರ ಬಂತು, ಕಾರಣ ಬರೆದಿರಲಿಲ್ಲ. ದೇವದುರ್ಗದಲ್ಲಿ ಇನ್ನು ಯಾರೂ ಅವರಿಂದ ಬಳೆ ಇಡಿಸಿಕೊಳ್ಳುವುದಿಲ್ಲವೆಂದಾದಾಗ ತಾಯಿ ಮಗಳು ರಾಯಚೂರಿಗೆ ಬಂದರು. ತೀನ್ ಕಂದೀಲ್ ಹತ್ತಿರದ ಗಲ್ಲಿಯೊಂದರಲ್ಲಿ ಸಣ್ಣ ಜಾಗ ಹಿಡಿದು ಬಳೆ ಅಂಗಡಿ ಇಟ್ಟರು. ಬಳೆ ಇಡಿಸುವವಳು ಈಗ ಮಗಳು. ಆಪಾ ಪಕ್ಕದಲ್ಲಿ ಕೈಗಳನ್ನು ಸೆರಗಿನೊಳಗೆ ಮರೆಮಾಡಿ ಕೂತು, ಬಂದವರ ಮುಂಗೈ ನೋಡಿ ಅಳತೆ ಹೇಳುತ್ತಿದ್ದರು. ಎಂಬತ್ತರ ದಶಕದ ನಡುವೆ ಹೊಸ ಔಷಧಗಳು ಬಂದವು. ಮೂರು ಬಗೆಯದನ್ನು ಕೂಡಿಸಿ ಕೊಡುವುದು, ತಿಂಗಳ ಮೊದಲ ಗುಳಿಗೆಯನ್ನು ನಮ್ಮ ಕಣ್ಣೆದುರೇ ನುಂಗಿಸುವುದು. ಇಬ್ಬರಿಗೂ ನಾನೇ ನುಂಗಿಸಿದೆ. ಮಗಳ ಮಚ್ಚೆ ಮಾಸಿತು. ಆಪಾರ ಕಿವಿಯ ರಸದಲ್ಲಿ ಕ್ರಿಮಿ ಕಾಣುವುದು ನಿಂತಿತು. ಆದರೆ ಹೋದ ನರ ಮತ್ತೆ ಬರುವುದಿಲ್ಲ. ಒಮ್ಮೆ ರೊಟ್ಟಿ ಮಗುಚುವಾಗ ಹಂಚಿನ ಮೇಲೆ ಬೆರಳಿಟ್ಟದ್ದು ಅವರಿಗೆ ಗೊತ್ತಾದದ್ದು ಸುಟ್ಟ ವಾಸನೆ ಬಂದ ಮೇಲೆ. ಆ ಬೆರಳು ಹೋಯಿತು. ಮಗಳನ್ನು ಹತ್ತಿಯ ಮಿಲ್ಲಿನಲ್ಲಿ ಕೆಲಸ ಮಾಡುವ ಒಬ್ಬ ಮದುವೆಯಾದ. ಎಲ್ಲ ಗೊತ್ತಿದ್ದೇ ಆದ.

ಆ ಮದುವೆಯಾಗಿ ಒಂದು ವರ್ಷದ ನಂತರ ಕೆಲಸದ ಮೇಲೆ ಮಾನ್ವಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಾಗ ಒಂದು ಮನೆಯ ಕಟ್ಟೆಯ ಮೇಲೆ ಆತ ಕೂತಿದ್ದ. ಅದೇ ಬಿಳಿ ಅಂಗಿ, ಬಿಳಿ ಟೊಪ್ಪಿಗೆ. ಹಾದುಹೋಗುವವರು ಕೈ ಮುಗಿದು ಹೋಗುತ್ತಿದ್ದರು. ನನ್ನನ್ನು ಗುರುತು ಹಿಡಿದು ಕೆಳಗಿಳಿದು ಬಂದ.

‘ಬಾ ತಮ್ಮಾ, ಎಷ್ಟ ವರ್ಷ ಆತು. ಕೂಡು.’

ನಾನು ಕೂರಲಿಲ್ಲ. ಹೆಂಡತಿ ಮಜ್ಜಿಗೆ ತಂದಳು. ಅದನ್ನೂ ಮುಟ್ಟಲಿಲ್ಲ. ಆತನಿಗೆ ಅದು ತಿಳಿಯಿತೋ ಇಲ್ಲವೋ.

‘ಆ ಬಳಿಗಾರಾಕಿ ಮಗಳು ಹೆಂಗದಾಳ?’ ಎಂದು ಕೇಳಿದ.

‘ಪೂರಾ ಗುಣ ಆಗೇದ. ಮದಿವಿ ಆಗೇದ. ಈಗ ಬಸುರಿ’ ಎಂದೆ. ಆತನಿಗೆ ನಾಟಲಿ ಎಂದೇ ಒಂದೊಂದು ಮಾತನ್ನೂ ಬಿಡಿಸಿ ಹೇಳಿದೆ.

ಆತನ ಕಣ್ಣಲ್ಲಿ ನೀರು ಬಂತು. ಸಂತೋಷದ್ದೆಂದು ಅರೆಕ್ಷಣ ಮೋಸಹೋದೆ.

‘ಬಸುರಿ ಅದಾಳ?’ ಎಂದ. ‘ಅಯ್ಯೋ. ತಾಯಿದೂ ಹೋತು, ಮಗಳದೂ ಹೋತು. ಎಲ್ಲಾ ಸೇರಿ ಆ ಕೂಸಿನ ಮ್ಯಾಲ ಬೀಳ್ತದಲ್ಲ ತಮ್ಮಾ.’

ಆ ಕಣ್ಣೀರು ನಾಟಕವಲ್ಲ. ನಾಟಕವಾಗಿದ್ದರೆ ನಾನು ಅಲ್ಲೇ ನಿಂತು ಜಗಳವಾಡುತ್ತಿದ್ದೆ. ಇನ್ನೂ ಹುಟ್ಟದ ಕೂಸಿಗಾಗಿ ನಿಜವಾಗಿಯೂ ಮರುಗುತ್ತಿದ್ದ, ಮೂಗು ಒರೆಸಿಕೊಳ್ಳುತ್ತಿದ್ದ ಆ ಮುದುಕನನ್ನು ನೋಡಿ ನನ್ನ ಮೈಮೇಲೆ ಹುಳು ಹರಿದಂತಾಯಿತು. ತಿರುಗಿ ನಡೆದೆ.

ಹತ್ತು ಹೆಜ್ಜೆ ಹೋಗಿರಬಹುದು, ಆತನ ಹೆಂಡತಿ ಹಿಂದಿನಿಂದ ಕರೆದಳು. ಮಜ್ಜಿಗೆಯ ಲೋಟ ಇನ್ನೂ ಕೈಯಲ್ಲೇ ಇತ್ತು. ಆಕೆ ನನ್ನೊಂದಿಗೆ ಅಷ್ಟು ಹತ್ತಿರ ನಿಂತು ಮಾತಾಡಿದ್ದು ಅದೇ ಮೊದಲು.

‘ಕುಡದು ಹೋಗು ತಮ್ಮಾ. ಇದು ನಾ ಮಾಡಿದ್ದು’ ಎಂದಳು. ಆಮೇಲೆ ದನಿ ತಗ್ಗಿಸಿ, ‘ಅವರ ಕೈಲೆ ಔಷಧ ನಾನೂ ತಗೊಳ್ಳಂಗಿಲ್ಲ. ದೇವದುರ್ಗದಾಗಿದ್ದಾಗಿಂದ್ಲೂ ತಗೊಂಡಿಲ್ಲ.’

ಆಕೆಗೆ ಗೊತ್ತಿತ್ತು. ಅಷ್ಟೂ ವರ್ಷ ಗೊತ್ತಿತ್ತು. ತನ್ನ ಜ್ವರಕ್ಕೆ, ತನ್ನ ಕೆಮ್ಮಿಗೆ ಬೇರೆ ಕಡೆಯಿಂದ ಗುಳಿಗೆ ತರಿಸಿಕೊಂಡು, ದವಾಖಾನೆಯ ಬೆಂಚಿನ ಮೇಲೆ ಕೂತವರಿಗೆ ಒಂದು ಮಾತೂ ಹೇಳದೆ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಹೇಳಿದ್ದರೆ ಆಕೆಯ ಗತಿ ಏನಾಗುತ್ತಿತ್ತು ಎಂಬುದೂ ನನಗೆ ಅರ್ಥವಾಗುತ್ತದೆ. ಆದರೂ ಆ ಲೋಟವನ್ನು ನಾನು ತೆಗೆದುಕೊಳ್ಳಲಿಲ್ಲ.

ಆಪಾರ ಮಗಳಿಗೆ ಗಂಡು ಮಗು ಹುಟ್ಟಿತು. ಮಾನ್ವಿಯಲ್ಲಿ ಕೇಳಿದ ಮಾತನ್ನು ಅವರ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆರು ತಿಂಗಳಿಗೊಮ್ಮೆ ಹೋಗಿ, ಮಗುವಿನ ಅಂಗಿ ಬಿಚ್ಚಿಸಿ, ಬಾಗಿಲ ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಬೆನ್ನು, ತೋಳು, ತೊಡೆ, ಕಿವಿ. ಮೂರು ವರ್ಷ ನೋಡಿದೆ. ಎಲ್ಲೂ ಏನೂ ಇರಲಿಲ್ಲ. ಮೂರನೆಯ ವರ್ಷ ಮನೆಗೆ ಬಂದು, ಮಾನ್ವಿಗೆ ಒಂದು ಪತ್ರ ಬರೆದು ಇದನ್ನು ತಿಳಿಸಬೇಕೆಂದು ಕಾರ್ಡು ತೆಗೆದುಕೊಂಡು ಕೂತೆ. ವಿಳಾಸ ಬರೆದೆ. ಮುಂದೆ ಬರೆಯಲಿಲ್ಲ. ತಾನು ಕೈ ಮುಗಿದದ್ದರಿಂದಲೇ ಕೂಸು ಉಳಿಯಿತು ಎಂದು ಆತ ಹೇಳುತ್ತಾನೆಂದು ನನಗೆ ಗೊತ್ತಿತ್ತು.